ಕೊನೆಯ ನಿಲ್ದಾಣದಾಚೆ ಅಕ್ಕನ ಮನೆ

ಟ್ರಾಮ್ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದ ಅವರನ್ನು ಎಲ್ಲರೂ ಗೆರೆರಾಯರು ಎನ್ನುತ್ತಿದ್ದರು. ಅವರು ನಡೆದರೂ ನೇರ ಗೆರೆ ಬೀಳುತ್ತದೆಂದು ತಮಾಷೆ. ಅವರನ್ನು ಓದಿಸಿದ್ದು ಅಕ್ಕ; ಹೊಲಿಗೆ ಮೆಷಿನ್ ತುಳಿದು ತುಳಿದು ಅವಳ ಮಂಡಿ ಸವೆದಿತ್ತು.

ಅಕ್ಕ ಬಾಡಿಗೆಗಿದ್ದದ್ದು ಊರಾಚೆ, ಎರಡು ಕೋಣೆಯ ಮನೆಯಲ್ಲಿ. ಕೆಸರು ದಾರಿ, ಸುತ್ತ ಇಟ್ಟಿಗೆ ಗೂಡುಗಳು. ಬೇಸತ್ತ ಮಾಲೀಕ ಮನೆಯನ್ನು ಅಗ್ಗಕ್ಕೆ ಅವಳಿಗೇ ಕೊಡಲು ಬಂದ. ಆಗಷ್ಟೇ ಹುಟ್ಟಿದ ಮಗಳನ್ನು ಮಡಿಲಲ್ಲಿಟ್ಟುಕೊಂಡು ಅವಳು ತಮ್ಮನನ್ನು ಕೇಳಿದಳು.

“ಟ್ರಾಮ್ ಈ ಕಡೆ ಬರುತ್ತೇನೋ? ಬರೋದಾದ್ರೆ ಬಳೆ ಮಾರಿಯಾದ್ರೂ ತಗೋತೀನಿ.”

ಹಳಿ ಆ ಬೀದಿಯಲ್ಲೇ ಹಾಯುವ ನಕ್ಷೆಯನ್ನು ಅವರು ಹಿಂದಿನ ತಿಂಗಳಷ್ಟೇ ಬರೆದು ಮುಗಿಸಿದ್ದರು.

“ಇಲ್ಲಕ್ಕಾ, ಈ ಕಡೆ ಬರಲ್ಲ,” ಎಂದರು, ಕೈಯಲ್ಲಿದ್ದ ಲೋಟ ನೋಡುತ್ತಾ.

ಗುಟ್ಟು ಬಿಟ್ಟುಕೊಟ್ಟರೆ ಕೆಲಸ ಹೋಗುತ್ತದೆಂಬ ಭಯ ನಿಜ. ಆದರೆ ಅದೇ ಬೀದಿಯ ಮೂಲೆಯಲ್ಲಿ ಹೆಂಡತಿಯ ಹೆಸರಿಗೆ ಸೈಟೊಂದನ್ನು ಮಾತಾಡಿದ್ದರು. ನೋಂದಣಿ ಆಗಿರಲಿಲ್ಲ. ಸುದ್ದಿ ಹಬ್ಬಿದರೆ ಕೈತಪ್ಪೀತೆಂಬ ಅಳುಕು.

ಎರಡು ವರ್ಷಕ್ಕೆ ಹಳಿ ಬಂತು. ಇಟ್ಟಿಗೆ ಗೂಡುಗಳು ಹೋಗಿ ಮೂರಂತಸ್ತಿನ ಕಟ್ಟಡಗಳೆದ್ದವು. ಕೆಳಗೆ ಅಂಗಡಿ, ಮೇಲೆ ಸಂಸಾರ. ಬಾಡಿಗೆ ಮುಟ್ಟಿದರೆ ಸುಡುವಂತಾಯಿತು. ಮಾಲೀಕ ಅಕ್ಕನನ್ನು ಬಿಡಿಸಿ ಮನೆ ಕೆಡವಿದ. ಅವಳು ಕೊನೆಯ ನಿಲ್ದಾಣದಿಂದ ಮುಕ್ಕಾಲು ಗಂಟೆ ನಡೆಯುವಷ್ಟು ದೂರ ಹೋದಳು. “ನಿಂಗೇನು ಕನಸು ಬಿದ್ದಿತ್ತಾ ಬಿಡೋ,” ಎಂದು ತಮ್ಮನನ್ನೇ ಸಮಾಧಾನ ಮಾಡಿದಳು.

ಗೆರೆರಾಯರ ನಿವೃತ್ತಿಯ ದಿನ ಕಚೇರಿಯವರು ಆ ನಕ್ಷೆಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. “ಅರ್ಧ ಊರು ಇವರ ಗೆರೆ ಮೇಲೇ ಕೂತಿದೆ,” ಎಂದು ಮೇಲಧಿಕಾರಿ ಹೊಗಳಿದರು. ಸಮಾರಂಭಕ್ಕೆ ಬಂದಿದ್ದ ಅಕ್ಕ ಹತ್ತಿರ ಹೋಗಿ, ಕನ್ನಡಕ ಏರಿಸಿ, ಸಹಿ ಓದಿದಳು. ಕೆಳಗಿನ ತಾರೀಖನ್ನೂ ಓದಿದಳು. ಮಾಲೀಕ ಮನೆ ಕೊಡಲು ಬಂದದ್ದು ಅವಳ ಮಗಳು ಹುಟ್ಟಿದ ತಿಂಗಳು. ನಕ್ಷೆ ಅದಕ್ಕೂ ಹಿಂದಿನದು.

“ಆಗ್ಲೂ ಅಕ್ಷರ ಚೆನ್ನಾಗಿತ್ತು ನಿಂದು,” ಎಂದಳು. ಊಟಕ್ಕೆ ನಿಲ್ಲಲಿಲ್ಲ.

ಮರುದಿನ ಗೆರೆರಾಯರು ಕೊನೆಯ ನಿಲ್ದಾಣದಲ್ಲಿಳಿದು ನಡೆದು ಹೋದರು. ಅವಳ ಬಾಗಿಲಲ್ಲಿ ನಿಂತು, ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದರು, ಸೈಟಿನ ವಿಷಯವನ್ನೂ.

“ಆ ಸೈಟಲ್ಲಿ ಕಟ್ಟಿರೋ ಮೂಲೆ ಮನೆ ನಿನ್ನ ಹೆಸರಿಗೇ ಬರೆದುಕೊಡ್ತೀನಿ ಅಕ್ಕಾ.”

“ಅಲ್ಲಿ ಯಾರ ಜೊತೆ ಇರ್ಲೋ? ಗುರುತಿನವರೆಲ್ಲ ನನ್ನ ಹಾಗೇ ಎದ್ದು ಹೋದ್ರು.”

ಕುಡಿಯಲು ನೀರು ಕೊಟ್ಟಳು, ಒಳಗೆ ಕರೆಯಲಿಲ್ಲ.

ಅವರು ಪ್ರತಿ ಭಾನುವಾರ ಹೋದರು. ಮೂರನೆಯ ತಿಂಗಳು ಒಳಗೆ ಕರೆದು ಊಟ ಬಡಿಸಿದಳು. ಆದರೆ ಏನಾದರೂ ವಿಚಾರಿಸಿ ತಿಳಿಯಬೇಕಾದಾಗ, ಎದುರಿಗೇ ತಮ್ಮ ಕೂತಿದ್ದರೂ, ಪಕ್ಕದ ಮನೆಯವರನ್ನು ಕೇಳುತ್ತಿದ್ದಳು.