ಹನ್ನೆರಡು ಮೀಟರ್ ಆಳಕ್ಕೊಂದು ಕ್ಯಾಮೆರಾ

ಗಂಡ ತೀರಿಕೊಂಡ ಐದನೆಯ ತಿಂಗಳಲ್ಲಿ ನಾನು ನೀರಿನೊಳಗೆ ಫೋಟೊ ತೆಗೆಯುವ ಕ್ಯಾಮೆರಾ ಹುಡುಕಿಕೊಂಡು ಓಡಾಡಿದೆ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡಲು ಅವರು ನಮ್ಮಿಬ್ಬರ ಹೆಸರಿನಲ್ಲಿ ಡಿಸೆಂಬರಿಗೆಂದು ಮೊದಲೇ ಬುಕಿಂಗ್ ಮಾಡಿಟ್ಟಿದ್ದರು. ಕುಂದಾಪುರದ ಕಡಲ ದಂಡೆಯಲ್ಲಿ ಹುಟ್ಟಿದ, ಈಜು ಬಾರದ ಮನುಷ್ಯ. ಮೇಲಿನಿಂದ ನೋಡಿದ್ದು ಸಾಕು, ಒಳಗೆ ಏನಿದೆ ನೋಡಿ ಬರೋಣ ಎನ್ನುತ್ತಿದ್ದರು. ಜೂನಿನ ಒಂದು ಬೆಳಿಗ್ಗೆ ಆಫೀಸಿಗೆ ಹೊರಟವರು ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತುವಾಗ ಕುಸಿದರು.

ಬುಕಿಂಗ್ ರದ್ದು ಮಾಡಲೆಂದು ನಾನು ಫೋನ್ ಮಾಡಿದೆ. "ಇಬ್ಬರೂ ಬರ್ತೀರಲ್ಲ ಮೇಡಂ?" ಎಂದು ಆ ಕಡೆಯ ಹುಡುಗಿ ಕೇಳಿದಳು. "ಒಬ್ಬಳೇ," ಎಂದುಬಿಟ್ಟೆ. ಧೈರ್ಯದಿಂದ ಹೇಳಿದ್ದಲ್ಲ. ರದ್ದು ಮಾಡಲು ಕಾರಣ ಹೇಳಬೇಕಿತ್ತು, ಹೋಗಲು ಕಾರಣ ಬೇಕಿರಲಿಲ್ಲ.

ಮಗಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲೇ. "ಜಾ ತೂ, ಆಯಿ," ಎಂದಳು, ಹೋಗಿ ಬಾ ಎಂದು. ಅಪ್ಪ ಕ್ಯಾಮೆರಾ ನೋಡುತ್ತಿದ್ದರೆಂದು ಅವರ ಫೋನಿನಲ್ಲಿದ್ದ ಪಟ್ಟಿ ತೆರೆದು ತೋರಿಸಿದಳು. ಪ್ಲಾಸ್ಟಿಕ್ ಪೌಚಿನಲ್ಲಿ ಫೋನ್ ಇಡುವುದು: ನಂಬಿಕೆ ಇಲ್ಲ. ಹೊಸ ಆ್ಯಕ್ಷನ್ ಕ್ಯಾಮೆರಾ: ದುಬಾರಿ, ಇವಳು ಬೈಯುತ್ತಾಳೆ. ಸೆಕೆಂಡ್ ಹ್ಯಾಂಡ್, ನೀರು ತಡೆಯುವ ಕವಚದ ಸಮೇತ: ವಿಚಾರಿಸಬೇಕು. ಓದಿದೆ. ಏನೂ ಅನಿಸಲಿಲ್ಲ. ಕುಕ್ಕರ್ ಕೂಗಿತು, ಎದ್ದು ಹೋಗಿ ಆರಿಸಿದೆ.

ಶನಿವಾರ ಠಾಣೆಯ ಅಂಗಡಿಯೊಂದಕ್ಕೆ ಹೋದೆ. ಅಲ್ಲಿನವನು ಹಿಂದಿಯಲ್ಲಿ ತಾಳ್ಮೆಯಿಂದ ತಿಳಿಸಿದ. ವಾಟರ್‌ಪ್ರೂಫ್ ಎಂದು ಬರೆದಿದ್ದರೂ ಈ ಕ್ಯಾಮೆರಾ ಹತ್ತೇ ಮೀಟರಿನವರೆಗೆ, ನೀವು ಇಳಿಯುವುದು ಹನ್ನೆರಡು, ಆದ್ದರಿಂದ ಕವಚ ಬೇರೆ ಕೊಳ್ಳಬೇಕು. ಆಳದಲ್ಲಿ ಮೊದಲು ಕೆಂಪು ಬಣ್ಣ ಹೋಗುತ್ತದೆ, ಅದಕ್ಕೆ ಲೈಟ್ ಬೇಕು. ನಾನು ತಲೆಯಾಡಿಸುತ್ತಾ ಹೋದೆ. ಬೆಲೆ ಕೇಳಿ, ಯೋಚಿಸಿ ಹೇಳುತ್ತೇನೆಂದು ಹೊರಗೆ ಬಂದೆ. ಯೋಚಿಸಲು ಏನೂ ಇರಲಿಲ್ಲ. ಆದರೂ ಮರುವಾರ ಕಲ್ಯಾಣದಲ್ಲಿ ಇನ್ನೆರಡು ಅಂಗಡಿ ಹತ್ತಿಳಿದೆ. ಶನಿವಾರಗಳಿಗೆ ಒಂದು ಕೆಲಸ ಸಿಕ್ಕಿತ್ತು.

ಕೊನೆಗೆ ಆನ್‌ಲೈನ್ ಜಾಹೀರಾತು ನೋಡಿ ನೇರುಳಿಗೆ ಹೋದೆ. ಮಾರುವವರು ಗದಗಿನ ಕಡೆಯವರು, ಅರವತ್ತು ದಾಟಿದವರು. ನನ್ನ ಹಿಂದಿ ಕೇಳಿಯೇ ಕನ್ನಡಕ್ಕೆ ಹೊರಳಿದರು.

"ಒಂಬತ್ತು ವರ್ಷ ಬಳಸೀನ್ರಿ ಇದನ್ನ. ಕಿವಿ ಪರದೆ ಹರೀತು. ಇನ್ನ ನೀರಿಗೆ ಇಳೀಬ್ಯಾಡ ಅಂದ್ರು ಡಾಕ್ಟರು."

"ನೀರು ಒಳಗೆ ಹೋಗುದಿಲ್ವಾ?"

"ನನ್ನ ಮಾತು ನಂಬಬ್ಯಾಡ್ರಿ. ಪರೀಕ್ಷಾ ಮಾಡೋಣ."

ಕ್ಯಾಮೆರಾ ಹೊರಗೆ ತೆಗೆದು, ಖಾಲಿ ಕವಚದೊಳಗೆ ಟಿಶ್ಯೂ ಕಾಗದ ಮಡಿಸಿಟ್ಟರು. ಅಂಚಿನ ರಬ್ಬರ್ ಬಳೆಯ ಮೇಲೆ ಬೆರಳಾಡಿಸಿ, "ಇದರಾಗ ಒಂದು ಕೂದಲು ಸಿಕ್ಕರ ಮುಗೀತು," ಎಂದರು. ಮುಚ್ಚಿ, ಬಚ್ಚಲಿನ ಬಕೆಟ್ಟಿನಲ್ಲಿ ಮುಳುಗಿಸಿ, ಮೇಲೆ ಕುಟ್ಟಾಣಿ ಇಟ್ಟರು. ಅರ್ಧ ಗಂಟೆ ಕಾಯಬೇಕು. ಅವರ ಹೆಂಡತಿ ಚಹಾ ತಂದುಕೊಟ್ಟರು.

"ಇಳಿಯೋರು ಯಾರ್ರಿ?" ಎಂದು ಗದಗಿನವರು ಕೇಳಿದರು.

"ನಾನೇ."

"ಒಬ್ರ?"

"ಇಬ್ರು ಹೋಗುದು ಅಂತ ಇತ್ತು. ಅವ್ರು ಜೂನ್‌ನಲ್ಲಿ ತೀರ್ಕೊಂಡ್ರು."

ಲೋಕಲ್ ರೈಲಿನ ಸಮಯ ಹೇಳುವವರ ಹಾಗಿತ್ತು ನನ್ನ ದನಿ. ಅವರು ಎದ್ದು ಹೋಗಿ ಬಕೆಟ್ಟಿನಲ್ಲಿದ್ದ ಕುಟ್ಟಾಣಿ ಸರಿ ಮಾಡಿ ಬಂದರು. "ಮೊದಲ ಸಲ ಕೈ ಖಾಲಿ ಇರ್ಲಿ. ಕ್ಯಾಮೆರಾ ಹಿಡ್ಕೊಂಡು ಮೀನಿನ ಹಿಂದ ಹೋದೋರು ಉಸಿರಾಡೋದು ಮರೀತಾರ," ಎಂದರು.

ಟಿಶ್ಯೂ ಒಣಗಿಯೇ ಇತ್ತು. ಹೇಳಿದ ಬೆಲೆಗೇ ತೆಗೆದುಕೊಂಡೆ.

ಹೊರಡುವ ಮುಂಚೆ ನವಿ ಮುಂಬಯಿಯ ಒಂದು ಈಜುಕೊಳದಲ್ಲಿ ಭಾನುವಾರ ತರಬೇತಿ ಇತ್ತು. ಬಾಯಿಗೆ ಉಸಿರಿನ ಕೊಳವೆ ಕಚ್ಚಿಕೊಂಡು ತಳದಲ್ಲಿ ಮಂಡಿಯೂರಿದ್ದೆ. ಮುಖವಾಡದ ಗಾಜಿನೊಳಗೆ ನೀರು ನುಗ್ಗಿ ಮೂಗಿಗೆ ಏರಿತು. ಭಯವಾಯಿತು. ಕೈಕಾಲು ತಮ್ಮಷ್ಟಕ್ಕೆ ಮೇಲೇರಲು ಒದ್ದಾಡಿದವು. ಕಲಿಸುವ ಹೆಂಗಸು ನನ್ನನ್ನು ಮೇಲೆಳೆದಳು. ಅಂಚು ಹಿಡಿದು ಕೆಮ್ಮುತ್ತಾ ನಿಂತಾಗ, ಐದು ತಿಂಗಳಲ್ಲಿ ನನಗೆ ಏನಾದರೂ ಅನಿಸಿದ್ದರೆ ಈ ಭಯವೊಂದೇ ಎಂದು ತಿಳಿಯಿತು.

"ಬಸ್ ಕರೇಂ?" ಎಂದು ಕೇಳಿದಳು, ಸಾಕು ಮಾಡೋಣವೇ ಎಂದು. ಇನ್ನೊಮ್ಮೆ ಇಳಿಯುತ್ತೇನೆಂದೆ.

ಡಿಸೆಂಬರಿನಲ್ಲಿ ನೇತ್ರಾಣಿಯಲ್ಲಿ, ಇಬ್ಬರ ಬುಕಿಂಗ್ ಆದ್ದರಿಂದ, ನನ್ನನ್ನು ಎರಡು ಸಲ ಇಳಿಸಿದರು. ಮೊದಲ ಸಲ ಕೈ ಖಾಲಿ. ಎರಡನೆಯದು ಗಂಡನ ಸರದಿ, ಕ್ಯಾಮೆರಾವನ್ನು ಮಣಿಕಟ್ಟಿಗೆ ಕಟ್ಟಿಕೊಂಡೆ.

ಮನೆಗೆ ಬಂದ ಮೇಲೆ ಮಗಳು ಸೋಫಾದಲ್ಲಿ ಕೂತು ಫೋಟೊಗಳನ್ನು ಒಂದೊಂದಾಗಿ ಸರಿಸಿದಳು. ಬಹುತೇಕ ನೀಲಿ ಮಬ್ಬು. ಮೀನಿನ ಬಾಲ. ಮುಂದಿದ್ದ ಈಜುಗಾರನ ಕಾಲು, ಮತ್ತೆ ಅವನದೇ ಕಾಲು.

"ಏಕ್ ಪಣ್ ನೀಟ್ ನಾಹೀ," ಎಂದಳು, ಒಂದೂ ಸರಿಯಾಗಿಲ್ಲ ಎಂದು.

"ಇರ್ಲಿ. ಅಳಿಸ್ಬೇಡ," ಎಂದೆ.

ಅವಳು ಅಷ್ಟನ್ನೂ ತನ್ನ ಫೋನಿಗೆ ಹಾಕಿಕೊಂಡಳು. ನಾನು ಒಗೆಯಲು ಬಟ್ಟೆ ನೆನೆಸಿದೆ.