ಇನ್ವರ್ಟರ್ ಪ್ಲಗ್ಗಿನಲ್ಲಿದ್ದ ಡಬ್ಬಿ

ಸಂದೇಶ ಬಂದದ್ದು ಸಂಜೆ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ. ಎರಡೇ ಪದ: ‘ಕರೆಂಟ್ ಇಲ್ಲ.’

ಕಾರಣ ಸಿಗದ ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಾನು ಸುಮ್ಮನೆ ಕೇಳಿಸಿಕೊಂಡು ಮನಸ್ಸಿನಲ್ಲೇ ತಳ್ಳಿಹಾಕುತ್ತಿದ್ದೆ. ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಯಂತ್ರ ತಪ್ಪು ಹೇಳಿದರೆ ಎಲ್ಲೋ ತಂತಿ ಸಡಿಲವಾಗಿದೆ ಎಂದೇ ನನ್ನ ಲೆಕ್ಕ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳದೆ ಇದ್ದದ್ದೂ ಅದಕ್ಕೇ.

ನಾನಿರುವುದು ಕೊಚ್ಚಿಯ ಹತ್ತಿರದ ಕಳಮಶ್ಶೇರಿಯಲ್ಲಿ. ಕಾಸರಗೋಡಿನಿಂದ ಸರ್ಕಾರಿ ಕೆಲಸಕ್ಕೆ ಹೋದ ದೊಡ್ಡಮ್ಮ ತಿರುವನಂತಪುರದಲ್ಲೇ ನೆಲೆಸಿದ್ದಾರೆ. ಅವರ ಶ್ವಾಸಕೋಶಕ್ಕೆ ದಿನವಿಡೀ ಆಕ್ಸಿಜನ್ ಯಂತ್ರ ಬೇಕು. ಅದು ನಿಂತರೆ ಕೂಡಲೇ ಸಿಲಿಂಡರಿನ ಕೊಳವೆ ಹಾಕಿಕೊಳ್ಳಬೇಕು. ಅದಕ್ಕಾಗಿ ಒಂದು ಸಣ್ಣ ಡಬ್ಬಿ ಮಾಡಿಕೊಟ್ಟಿದ್ದೆ. ಪ್ಲಗ್ಗಿನಲ್ಲಿ ಕರೆಂಟ್ ಇದೆಯೇ ಎಂದು ನೋಡುತ್ತಿರುವುದು, ಹೋದರೆ ತನ್ನ ಬ್ಯಾಟರಿಯ ಬಲದಿಂದ ನನ್ನ ಫೋನಿಗೆ ಸಂದೇಶ ಕಳಿಸುವುದು, ಅಷ್ಟೇ ಅದರ ಕೆಲಸ.

ಆಗ ನಾನು ಎಡಪ್ಪಳ್ಳಿ ಮೆಟ್ರೋ ನಿಲ್ದಾಣದಲ್ಲಿದ್ದೆ. ಮೂರು ಸಲ ಕರೆ ಮಾಡಿದರೂ ದೊಡ್ಡಮ್ಮ ಎತ್ತಲಿಲ್ಲ. ಅವರ ಪಕ್ಕದ ಮನೆಯ ಶೈಲಜ ಚೇಚಿಗೆ, ಅಂದರೆ ಶೈಲಜಕ್ಕನಿಗೆ, ಮಾಡಿದೆ. ಕರೆಂಟ್ ಹೋಗಿಯೇ ಇಲ್ಲ, ದೊಡ್ಡಮ್ಮನ ಮನೆಯ ಟಿವಿ ತನಗಿಲ್ಲಿಗೇ ಕೇಳುತ್ತಿದೆ ಎಂದು ಅವರು ನಕ್ಕರು.

“ಒಮ್ಮೆ ಹೋಗಿ ನೋಡಿ ಚೇಚಿ,” ಎಂದೆ.

ಅವರು ಫೋನ್ ಹಿಡಿದುಕೊಂಡೇ ಹೋದರು. ಲೈಟು, ಫ್ಯಾನು, ಟಿವಿ ಎಲ್ಲ ಇತ್ತು. ಆಕ್ಸಿಜನ್ ಯಂತ್ರ ಮಾತ್ರ ನಿಂತಿತ್ತು. ದೊಡ್ಡಮ್ಮ ಕುರ್ಚಿಯಲ್ಲಿ ತಲೆ ವಾಲಿಸಿದ್ದರು. ಚೇಚಿ ಸಿಲಿಂಡರಿನ ಕೊಳವೆ ಹಾಕಿದರು. ನನಗೆ ಕೇಳುತ್ತಿದ್ದದ್ದು ಟಿವಿಯ ಸದ್ದು ಮಾತ್ರ. ಎಷ್ಟು ಹೊತ್ತಾಯಿತೋ, ಕೊನೆಗೆ ದೊಡ್ಡಮ್ಮನ ಸಣ್ಣ ದನಿ ಕೇಳಿತು: “ಎಂತ ಗಲಾಟೆ ಇದು?”

ನಾನು ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕುಳಿತುಬಿಟ್ಟೆ. ವೈದ್ಯರು ಬಂದು ನೋಡಿ ಭಯವಿಲ್ಲ ಎಂದ ಮೇಲೆಯೇ ಎದ್ದದ್ದು. ರೈಲು ಹಿಡಿದು ಬೆಳಗಿನ ಜಾವ ಅಲ್ಲಿಗೆ ತಲುಪಿದೆ.

ಯಂತ್ರದ ಲೈನಿನ ಟ್ರಿಪ್ ಸ್ವಿಚ್ ಬಿದ್ದು, ಅದೊಂದಕ್ಕೆ ಮಾತ್ರ ಕರೆಂಟ್ ನಿಂತಿತ್ತು. ಆದರೆ ನನ್ನ ಡಬ್ಬಿ ಆ ಲೈನಿನಲ್ಲಿರಲೇ ಇಲ್ಲ. ಅವಸರದಲ್ಲಿ ನಾನೇ ಅದನ್ನು ಟಿವಿಯ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿ ಹೋಗಿದ್ದೆ. ಅದು ಇನ್ವರ್ಟರಿನ ಪ್ಲಗ್. ಹೊರಗೆ ಕರೆಂಟ್ ಹೋದರೂ ಅಲ್ಲಿ ಹೋಗುವುದಿಲ್ಲ. ಅಂದರೆ ನನ್ನ ಡಬ್ಬಿ ಇಷ್ಟು ದಿನ ಕುರುಡಾಗಿತ್ತು. ಅದೇ ಬೋರ್ಡಿನ ಟಿವಿ ಒಂದು ಕ್ಷಣವೂ ಆರಿರಲಿಲ್ಲ. ಡಬ್ಬಿ ಮಾತ್ರ ಆರು ನಲವತ್ತೆರಡರಿಂದ ಏಳು ನಿಮಿಷ ಕರೆಂಟ್ ಇರಲಿಲ್ಲ ಎಂದು ದಾಖಲಿಸಿಕೊಂಡಿತ್ತು. ಅಲ್ಲಾಡಿಸಿದೆ, ಬಿಚ್ಚಿದೆ, ಪ್ರತಿ ಬೆಸುಗೆಯನ್ನೂ ನೋಡಿದೆ. ಎಲ್ಲವೂ ಸರಿಯಿತ್ತು. ಆ ತಪ್ಪನ್ನು ಅದು ಮತ್ತೆ ಮಾಡಲಿಲ್ಲ. ಕಾರಣ ನನಗೆ ಇವತ್ತಿಗೂ ಗೊತ್ತಿಲ್ಲ.

“ಎಂತ ಇಂಜಿನಿಯರೋ ಮಾರಾಯ್ತಿ, ಪ್ಲಗ್ ಯಾವುದು ಅಂತ ಸಹ ಗೊತ್ತಾಗ್ಲಿಲ್ವಾ?” ದೊಡ್ಡಮ್ಮ ಚಹಾ ಆರಿಸಿಕೊಳ್ಳುತ್ತಾ ಕೇಳಿದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಬೇಕಾದೀತೆಂದು ಮನೆಯಿಂದ ಚೀಲದಲ್ಲಿ ತಂದಿದ್ದ ಅಂಥದೇ ಇನ್ನೊಂದು ಡಬ್ಬಿಯನ್ನು ಯಂತ್ರದ ಲೈನಿಗೇ ಹಾಕಿದೆ. ದೊಡ್ಡಮ್ಮನಿಗೆ ಸಿಲಿಂಡರಿನ ಕೊಳವೆ ಹಾಕಿಸಿ, ಸ್ವಿಚ್ ಆರಿಸಿ, ಸಂದೇಶ ಬರುವುದನ್ನು ಎರಡು ಸಲ ನೋಡಿದೆ. ಹಳೆಯದನ್ನು ಒರೆಸಿ, ಅದು ಮೊದಲಿದ್ದ ಪ್ಲಗ್ಗಿಗೇ ಮತ್ತೆ ಸಿಕ್ಕಿಸಿದೆ.