ಮೂವತ್ತೇಳು ಸಾಲು ಕಡಿಮೆ

ಹೆರಿಗೆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಆಕೆ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಕೀಲಿಗಳನ್ನು ಕುಟ್ಟಾಣಿಯಲ್ಲಿ ಕುಟ್ಟಿದ ಹಾಗೆ ಒತ್ತುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಆಕೆ ಕುಟ್ಟಾಣಿ ಅಕ್ಕ. ಆಕೆಗೂ ಅದರಲ್ಲಿ ಬೇಸರವಿರಲಿಲ್ಲ.

ಆ ವರ್ಷ ಆಸ್ಪತ್ರೆಯ ಹಳೆಯ ಡೇಟಾಬೇಸ್ ಮುಚ್ಚಿ, ಅದರಲ್ಲಿದ್ದುದನ್ನೆಲ್ಲ ಬೇರೆ ಕಂಪನಿಯ ಹೊಸ ಡೇಟಾಬೇಸಿಗೆ ಸಾಗಿಸಬೇಕೆಂದು ತೀರ್ಮಾನವಾಯಿತು. ಹಳೆಯದು ತಾರೀಖನ್ನು ಒಂದು ಥರ ಬರೆದುಕೊಂಡರೆ ಹೊಸದು ಇನ್ನೊಂದು ಥರ. ಕೈಯಲ್ಲಿ ಮಾಡಿ ಮುಗಿಯುವ ಕೆಲಸವಲ್ಲ. ಆಕೆ ಒಂದು ಪ್ರೋಗ್ರಾಂ ಬರೆದಳು. ಅದು ಹಳೆಯ ಕಡೆಯ ಒಂದೊಂದು ಟೇಬಲನ್ನು, ಅಂದರೆ ಸಾಲು ಸಾಲಾಗಿ ದಾಖಲೆಗಳಿರುವ ಪಟ್ಟಿಯನ್ನು, ಸಾವಿರ ಸಾವಿರ ಸಾಲಿನಂತೆ ಓದಿ, ಹೊಸದಕ್ಕೆ ಒಗ್ಗುವಂತೆ ತಿದ್ದಿ, ಅಲ್ಲಿ ಬರೆದು, ಕೊನೆಗೆ ಎರಡೂ ಕಡೆಯ ಸಾಲುಗಳನ್ನು ಎಣಿಸುತ್ತಿತ್ತು. ವೈದ್ಯರ ಟೇಬಲ್, ಔಷಧಿಗಳ ಟೇಬಲ್ ತಕರಾರಿಲ್ಲದೆ ದಾಟಿದವು. ಜನನದ ಟೇಬಲ್ ಮಾತ್ರ ಮೂವತ್ತೇಳು ಸಾಲು ಕಡಿಮೆ ಬಂತು.

ಹಳೆಯದರಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಬಿಡಬಹುದಿತ್ತು. ಹೆಸರಿಟ್ಟ ಮೇಲೆ ತಾಯಂದಿರು ಬಂದು ಬರೆಸುತ್ತಿದ್ದರು. ಹೊಸದು ಹೆಸರಿಲ್ಲದ ಸಾಲನ್ನು ಒಳಗೇ ಬಿಡುತ್ತಿರಲಿಲ್ಲ. ಬಿದ್ದುಹೋದ ಮೂವತ್ತೇಳೂ ಹೆಸರಿಡುವ ಮೊದಲೇ ತೀರಿಕೊಂಡ ಮಕ್ಕಳು.

ಹನ್ನೊಂದು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ಆಕೆಗೂ ಒಂದು ಹೆಣ್ಣುಮಗು ಹುಟ್ಟಿ ಉಳಿದಿರಲಿಲ್ಲ. ಆ ಮಗುವಿನ ಸಾಲು ಅಲ್ಲೆಲ್ಲೋ ಇದೆಯೆಂದು ಗೊತ್ತಿದ್ದೂ ಒಮ್ಮೆಯೂ ತೆರೆದು ನೋಡಿರಲಿಲ್ಲ. ಈಗ ಬಿದ್ದುಹೋದವುಗಳ ಪಟ್ಟಿಯಲ್ಲಿ ಅದು ತಾನಾಗಿ ಕಣ್ಣೆದುರು ಬಂದಿತ್ತು.

ಹೊಸದಾಗಿ ಬಂದಿದ್ದ ಮೇಲಧಿಕಾರಿ ಬಗ್ಗಿ ನೋಡಿದರು. “ಮೂವತ್ತೇಳು ತಾನೆ? ಬಿಟ್ಟುಬಿಡಿ ಅಕ್ಕ. ಅವನ್ನ ಯಾರು ಹುಡುಕ್ಕೊಂಡು ಬರ್ತಾರೆ?”

“ಹುಟ್ಟಿದ್ದು ಸುಳ್ಳಲ್ವಲ್ಲ ಸರ್.”

ಅವರಿಗೆ ವಿಷಯ ಗೊತ್ತಿರಲಿಲ್ಲ. ಆಕೆ ಹೇಳಲೂ ಇಲ್ಲ. “ಸರಿ, ಏನೋ ಒಂದು ತುಂಬಿ. ನಾಳೆ ಮುಗೀಬೇಕು,” ಎಂದು ಅವರು ಹೋದರು.

ಹೆಸರಿಲ್ಲದ ಕಡೆ ತಾಯಿಯ ಹೆಸರು ಹಾಕಿ ಮುಂದೆ ‘ಮಗು’ ಎಂದು ಸೇರಿಸುವಂತೆ ಆಕೆ ಪ್ರೋಗ್ರಾಂ ತಿದ್ದಿದಳು. ಓಡಿಸಲು ಮಾತ್ರ ಕೈ ಬರಲಿಲ್ಲ. ಕಂಪ್ಯೂಟರ್ ಆರಿಸಿ ಮನೆಗೆ ಹೊರಟಳು.

ಬಸ್ ಡ್ರೈವರ್ ಆಗಿದ್ದ ಗಂಡ ಬಾಗಿಲ ಚಿಲಕದ ಸ್ಕ್ರೂ ಬಿಗಿ ಮಾಡುತ್ತಿದ್ದ.

“ರೀ, ನಮ್ಮ ಮಗುಗೆ ನೀವೇನಾದ್ರೂ ಹೆಸರು ಅಂದ್ಕೊಂಡಿದ್ರಾ?”

ಇಷ್ಟು ವರ್ಷದಲ್ಲಿ ಆ ಮಾತು ಇಬ್ಬರ ನಡುವೆ ಬಂದದ್ದು ಅದೇ ಮೊದಲು. ಅವನು ತಿರುಗಿ ನೋಡಲಿಲ್ಲ. “ಹುಟ್ಟಿದ ಕೂಡಲೇ ಹೋಗಿದ್ದಕ್ಕೆ ಏನು ಹೆಸರು ಇಡೋದು?”

“ಕೂಡಲೇ ಅಲ್ಲ ರೀ. ಇವತ್ತು ನೋಡಿದೆ. ಬೆಳಿಗ್ಗೆ ಹತ್ತಕ್ಕೆ ಹುಟ್ಟಿದ್ಲು. ಸಂಜೆ ಏಳರವರೆಗೂ ಇದ್ಲು.”

ಆ ದಿನ ಆಪರೇಷನ್ ಆಗಿ ಆಕೆಗೆ ಎಚ್ಚರವಿರಲಿಲ್ಲ. ಹೆಂಡತಿ ಉಳಿದರೆ ಸಾಕೆಂದು ಅವನು ಹೊರಗಿನ ಬೆಂಚಿನ ಮೇಲೆ ಜೀವ ಕೈಯಲ್ಲಿ ಹಿಡಿದು ಕೂತಿದ್ದ. ಮಗು ಉಳಿಯಲಿಲ್ಲವೆಂದು ಸಂಜೆ ನರ್ಸ್ ಬಂದು ಹೇಳಿದಾಗ, ಹುಟ್ಟುವಾಗಲೇ ಹೋಗಿರಬೇಕೆಂದುಕೊಂಡ. ಕೇಳಲಿಲ್ಲ.

“ನಾನು ಬಾಗಿಲ ಹೊರಗೇ ಇದ್ನಲ್ಲೇ,” ಎಂದ. “ಒಂದ್ಸಲ ಒಳಗೆ ಬಿಡಿ ಅಂದಿದ್ರೆ ಬಿಡ್ತಿದ್ರು.”

ಸ್ಕ್ರೂಡ್ರೈವರ್ ಕೆಳಗಿಟ್ಟು ಹೊಸ್ತಿಲ ಬಳಿ ಕುಸಿದು ಕೂತ. ಆಕೆ ಸಮಾಧಾನ ಹೇಳಲು ಹೋಗದೆ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು.

ಮರುದಿನ ಅವನು ರಜೆ ಹಾಕಿ ಆಕೆಯ ಜೊತೆ ಆಸ್ಪತ್ರೆಗೆ ಬಂದ. “ಈಗಲೂ ಒಂದು ಹೆಸರು ಹೇಳಿ, ಹಾಕ್ತೀನಿ. ಇಲ್ದಿದ್ರೆ ನನ್ನ ಹೆಸರಿನ ಮುಂದೆ ಮಗು ಅಂತ ಹೋಗುತ್ತೆ,” ಎಂದಳು ಆಕೆ.

“ಬೇಡ. ಇಟ್ಟು ಯಾರನ್ನ ಕರೆಯೋಣ? ನಿನ್ನ ಮಗು ಅಂತ್ಲೇ ಇರ್ಲಿ.”

ಪ್ರೋಗ್ರಾಂ ಓಡಿತು. ಎರಡೂ ಕಡೆಯ ಎಣಿಕೆ ಸರಿಹೋಯಿತು. ಆಕೆ ಹೊಸ ಟೇಬಲಿನಲ್ಲಿ ಆ ಸಾಲು ತೆರೆದು ತೋರಿಸಿದಳು. ಅವನು ಪರದೆಯ ಮೇಲೆ ಬೆರಳಿಟ್ಟು ಓದಿದ: ತಾಯಿಯ ಹೆಸರು, ಮಗು, ಹೆಣ್ಣು, ಸಾವಿರದ ನೂರು ಗ್ರಾಂ, ತಾರೀಖು, ಎರಡು ಸಮಯ.

“ಇಷ್ಟೇನಾ?”

“ಇಷ್ಟೇ ರೀ.”

ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಮೊದಲಿನಿಂದ ಮತ್ತೆ ಓದತೊಡಗಿದ.